ಹೋದ ದನಿ ವಾಪಸು ಬರುವ ದಾರಿ

“ನನ್ನ ದನಿ ನನಗೇ ಎರಡೆರಡು ಸಲ ಕೇಳಿಸ್ತಿದೆ ಸರ್” ಎಂದು ಹಾಡುವವರು ಹೆಡ್‌ಫೋನ್ ತೆಗೆದರೆ, ಗಾಜಿನ ಈಚೆ ಕೂತವರಿಗೆ ಕಾರಣ ತಕ್ಷಣ ಹೊಳೆಯುತ್ತದೆ. ಮೈಕಿನ ದನಿ ಮಿಕ್ಸರಿನಿಂದ ನೇರವಾಗಿ ಕಿವಿಗೆ ಹೋಗುತ್ತಿದೆ. ಅದೇ ದನಿ ಕಂಪ್ಯೂಟರನ್ನು ಒಂದು ಸುತ್ತು ಹಾಕಿ, ತುಸು ತಡವಾಗಿ ಮತ್ತೆ ಬರುತ್ತಿದೆ. ಮಿಕ್ಸರಿಗೂ ಧ್ವನಿ ಮುದ್ರಿಸುವ ಯಂತ್ರಕ್ಕೂ ನಡುವಿನ ಸಂಬಂಧದ ಕಥೆಯೆಲ್ಲ ಈ ಒಂದು ದೂರಿನಲ್ಲೇ ಅಡಗಿದೆ ಎಂದು ನನ್ನ ಎಣಿಕೆ. ದನಿಯನ್ನು ಕಳಿಸುವುದು ಯಾವ ಕಾಲಕ್ಕೂ ಅಂಥ ಕಷ್ಟವಾಗಿರಲಿಲ್ಲ. ಹೊತ್ತಿಗೆ ಸರಿಯಾಗಿ ವಾಪಸು ತರುವುದರಲ್ಲೇ ಎಲ್ಲರೂ ಎಡವಿದ್ದು.

ಮೊದಲು ವಾಪಸಿನ ಮಾತೇ ಇರಲಿಲ್ಲ. ಗಾಯಕರು, ವಾದ್ಯವೃಂದ ಒಟ್ಟಿಗೇ ಕೂತು ಒಂದೇ ಟೇಕಿನಲ್ಲಿ ಮುಗಿಸುತ್ತಿದ್ದರು. ಕನ್ನಡ ಚಿತ್ರಗೀತೆಗಳೂ ಬಹುಕಾಲ ಮದ್ರಾಸಿನ ಸ್ಟುಡಿಯೊಗಳಲ್ಲಿ ಹೀಗೇ ತಯಾರಾದವು. ಎಲ್ಲೋ ಒಬ್ಬ ಪಿಟೀಲಿನವರು ತಪ್ಪಿದರೆ ಎಲ್ಲರೂ ಪಲ್ಲವಿಯಿಂದ ಶುರುಮಾಡಬೇಕು. ಮಿಕ್ಸರಿನಿಂದ ಟೇಪಿಗೆ ಒಂದೇ ದಾರಿ, ಏಕಮುಖ ಸಂಚಾರ.

ಹಿಂದೆ ಮುದ್ರಿಸಿದ್ದನ್ನು ಕೇಳುತ್ತ ಅದರ ಮೇಲೆ ಹೊಸದನ್ನು ನುಡಿಸುವ ಆಸೆ ಹುಟ್ಟಿದಾಗ ತೊಡಕು ಶುರುವಾಯಿತು. ಟೇಪ್ ಯಂತ್ರದಲ್ಲಿ ಬರೆಯುವ ಹೆಡ್ಡು ಒಂದು ಕಡೆ, ಓದುವ ಹೆಡ್ಡು ಅದರ ಪಕ್ಕಕ್ಕೆ. ಸೆಕೆಂಡಿಗೆ 15 ಇಂಚಿನ ವೇಗದಲ್ಲಿ ಓಡುವ ಟೇಪಿಗೆ ಒಂದೇ ಇಂಚಿನ ಅಂತರವೆಂದರೂ ಸುಮಾರು 67 ಮಿಲಿಸೆಕೆಂಡ್ ತಡ. ತಾಳ ತಪ್ಪಲು ಇಷ್ಟು ಧಾರಾಳವಾಗಿ ಸಾಕು. ಆಂಪೆಕ್ಸ್ ಕಂಪನಿಯ ರಾಸ್ ಸ್ನೈಡರ್ ಇದಕ್ಕೊಂದು ಉಪಾಯ ಕಂಡುಕೊಂಡರು: ಬರೆಯುವ ಹೆಡ್ಡಿನಿಂದಲೇ ಹಳೆಯ ಟ್ರ್ಯಾಕುಗಳನ್ನು ಓದಿಸುವುದು. ಕೇಳುವ ಗುಣಮಟ್ಟ ಸ್ವಲ್ಪ ಕುಗ್ಗಿದರೂ ತಾಳ ಕೂಡಿತು. 1957ರಲ್ಲಿ ಗಿಟಾರ್ ವಾದಕ ಲೆಸ್ ಪಾಲ್ ಅವರ ಮನೆ ಸೇರಿದ ಎಂಟು ಟ್ರ್ಯಾಕಿನ ಯಂತ್ರದಲ್ಲಿ ಈ ಸೌಲಭ್ಯವಿತ್ತು.

ಟ್ರ್ಯಾಕುಗಳು ಹೆಚ್ಚಿದಂತೆ ಮಿಕ್ಸರ್ ಉದ್ದವಾಯಿತು. ಹಳೆಯ ಮಿಕ್ಸರ್ ಮೇಜುಗಳಲ್ಲಿ ಒಂದು ಭಾಗ ಮೈಕಿನಿಂದ ಟೇಪಿಗೆ ಕಳಿಸಲು, ಇನ್ನೊಂದು ಭಾಗ ಟೇಪಿನಿಂದ ಬಂದದ್ದನ್ನು ಕೇಳಲು. ನಾಲ್ಕು ಟ್ರ್ಯಾಕಿಗೆ ಇದು ಸರಿ. ಬೀಟಲ್ಸ್ ತಂಡ 1967ರ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಮ್ಮನ್ನು ಲಂಡನ್ನಿನ ಆ್ಯಬಿ ರೋಡಿನಲ್ಲಿ ಮುದ್ರಿಸಿದ್ದು ನಾಲ್ಕು ಟ್ರ್ಯಾಕಿನ ಯಂತ್ರಗಳಲ್ಲೇ. ಆದರೆ 24 ಟ್ರ್ಯಾಕಿಗೆ ಹೋಗಲು 24 ಸಾಲು, ಬರಲು 24 ಸಾಲು ಎಂದರೆ ಎಂಜಿನಿಯರ್ ಕುರ್ಚಿ ಉರುಳಿಸಿಕೊಂಡೇ ಕೆಲಸ ಮಾಡಬೇಕು.

ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಚಂದ ಕಾಣುವ ತಿರುವು ಇಲ್ಲಿಯದು. ಎಪ್ಪತ್ತರ ದಶಕದ ಆರಂಭದಲ್ಲಿ ಫ್ಲೋರಿಡಾದ ಎಂಸಿಐ ಕಂಪನಿಗೆ ಡೇವ್ ಹ್ಯಾರಿಸನ್ ರೂಪಿಸಿದ ಮೇಜಿನಲ್ಲಿ ಹೋಗುವ ದಾರಿ, ಬರುವ ದಾರಿ ಎರಡೂ ಒಂದೇ ಚಾನೆಲ್ ಪಟ್ಟಿಯೊಳಗೆ ಸೇರಿದವು. ಇಂಗ್ಲೆಂಡಿನ ಸಾಲಿಡ್ ಸ್ಟೇಟ್ ಲಾಜಿಕ್‌ನ 4000 ಸರಣಿ ಇದನ್ನೇ ಪಕ್ವಗೊಳಿಸಿತು: ದನಿಯ ಮಟ್ಟ ಏರಿಳಿಸುವ ದೊಡ್ಡ ಫೇಡರ್ ಒಂದು ದಾರಿಗೆ, ಸಣ್ಣದು ಇನ್ನೊಂದಕ್ಕೆ, ಬೇಕಾದಾಗ ಅದಲುಬದಲು. ಹೊಸಬರಿಗೆ ತಲೆ ಕೆಡಿಸುವ ಮೇಜು, ನಿಜ. ಆದರೆ ಒಂದೇ ದನಿಗೆ ಎರಡು ಬಾಳು ಉಂಟೆಂಬುದನ್ನು ಇಷ್ಟು ಸ್ಪಷ್ಟವಾಗಿ ಕಲಿಸುವ ಪಾಠ ಬೇರಿಲ್ಲ.

ಕಂಪ್ಯೂಟರ್ ಬಂದು ಹಳೆಯ ಗಾಯವನ್ನೇ ಕೆರೆಯಿತು. 1991ರಲ್ಲಿ ಬಂದ ಪ್ರೊ ಟೂಲ್ಸ್ ಎಂಬ ಧ್ವನಿಮುದ್ರಣ ವ್ಯವಸ್ಥೆಯ ಮೊದಲ ಆವೃತ್ತಿಗಿದ್ದದ್ದು ನಾಲ್ಕು ಟ್ರ್ಯಾಕು. ಎಡ್ಯಾಟ್ ಎಂಬ ಡಿಜಿಟಲ್ ಟೇಪ್ ಯಂತ್ರದ ಜತೆ ಬಂದ ಬೆಳಕಿನ ಕೇಬಲ್ ಒಂದೇ ಎಳೆಯಲ್ಲಿ ಎಂಟು ಚಾನೆಲ್ ಸಾಗಿಸಿತು; ಮ್ಯಾಡಿ ಎಂಬ ವ್ಯವಸ್ಥೆ 56 ಚಾನೆಲ್. ಸಾಗಣೆಗೆ ಕೊರತೆ ಉಳಿಯಲಿಲ್ಲ. ಕಾಡಿದ್ದು ಮತ್ತದೇ ತಡ. ಕಂಪ್ಯೂಟರು ದನಿಯನ್ನು ಕಂತುಗಳಲ್ಲಿ ನುಂಗುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ 256 ಸ್ಯಾಂಪಲ್ಲಿನ ಒಂದು ಕಂತೆಂದರೆ 5.3 ಮಿಲಿಸೆಕೆಂಡ್, ಒಳಗೆ ಹೋಗಲು ಒಂದು ಕಂತು, ಹೊರಬರಲು ಇನ್ನೊಂದು, ಒಟ್ಟು ಹತ್ತು ದಾಟುತ್ತದೆ. ಸುಮಾರು ಹನ್ನೆರಡು ಅಡಿ ದೂರದ ಸ್ಪೀಕರಿನಿಂದ ಕೇಳಿದಷ್ಟು ತಡ, ಗಿಟಾರಿನವರು ಸಹಿಸಿಯಾರು. ಹಾಡುವವರಿಗಾದರೋ ತಮ್ಮ ದನಿ ತಲೆಬುರುಡೆಯ ಮೂಲಕವೂ ಕೇಳುತ್ತಿರುತ್ತದೆ. ಎರಡೂ ಬೆರೆತಾಗ ಡಬ್ಬದೊಳಗೆ ಕೂತು ಹಾಡಿದ ಹಾಗಾಗುತ್ತದೆ. 1997ರಲ್ಲಿ ಸ್ಟೈನ್‌ಬರ್ಗ್ ಕಂಪನಿ ತಂದ ಆಸಿಯೊ ಎಂಬ ಡ್ರೈವರ್ ತಂತ್ರಾಂಶ ತಡವನ್ನು ಬಹಳ ತಗ್ಗಿಸಿತಾದರೂ ಇಲ್ಲವಾಗಿಸಲಿಲ್ಲ.

ಮದ್ದು ಹಳೆಯ ಮೇಜಿನಲ್ಲೇ ಇತ್ತು. ಹಾಡುವವರಿಗೆ ಅವರ ದನಿಯನ್ನು ಮಿಕ್ಸರಿನಿಂದಲೇ ನೇರ ಕೊಡಿ, ಸಾಫ್ಟ್‌ವೇರಿನಲ್ಲಿ ಆ ಟ್ರ್ಯಾಕಿನ ಮಾನಿಟರ್ ಬಂದ್ ಮಾಡಿ. ಹಳೆಯ ಟ್ರ್ಯಾಕುಗಳು ಮಾತ್ರ ಕಂಪ್ಯೂಟರಿನಿಂದ ಬರಲಿ. ಹಾಗೆ ಬಂದದ್ದನ್ನು, ಮುದ್ರಣಕ್ಕೆ ಹೋಗುವ ಬಸ್ಸಿಗೆ, ಅಂದರೆ ದನಿಗಳು ಕೂಡಿ ಸಾಗುವ ದಾರಿಗೆ, ಅಪ್ಪಿತಪ್ಪಿಯೂ ಸೇರಿಸಬೇಡಿ. ಸೇರಿಸಿದರೆ ದನಿ ತನ್ನ ಬಾಲವನ್ನೇ ಕಚ್ಚಿಕೊಂಡು ಸುತ್ತಿ ಕಿರುಚುತ್ತದೆ. ಇದನ್ನು ನಾನು ಕಲಿತದ್ದು ಒಂದು ಜೊತೆ ಸ್ಪೀಕರ್ ಸುಟ್ಟಮೇಲೆ.

ಮಿಕ್ಸರೇ ಸೌಂಡ್ ಕಾರ್ಡೂ ಆದ ಕಾಲ ಬಂದಾಗಲೂ ತಯಾರಕರು ಅದೇ ಎಡವಟ್ಟು ಮಾಡಿದರು. ಫೈರ್‌ವೈರ್ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸುವ ಮೊದಮೊದಲ ಮಿಕ್ಸರುಗಳಲ್ಲಿ ಹಲವು 18 ಚಾನೆಲ್ ಕಳಿಸುತ್ತಿದ್ದವು, ವಾಪಸು ತರುತ್ತಿದ್ದದ್ದು ಎರಡೇ. ಮುದ್ರಿಸಿದ್ದನ್ನು ಮತ್ತೆ ಮೇಜಿನ ಮೇಲೆ ಹರಡಿ ಮಿಕ್ಸ್ ಮಾಡುವ ಆಸೆ ಅಲ್ಲಿಗೇ ಬಂದ್. 2012ರ ಬೆಹ್ರಿಂಗರ್ ಎಕ್ಸ್32 ಒಂದೇ ಯುಎಸ್‌ಬಿ ಕೇಬಲ್ಲಿನಲ್ಲಿ 32 ಕಳಿಸಿ 32 ತಂದಾಗ ಸಣ್ಣ ಸ್ಟುಡಿಯೊಗಳು ಉಸಿರಾಡಿದವು. ಆಸ್ಟ್ರೇಲಿಯಾದ ಆಡಿನೇಟ್ ಕಂಪನಿಯ ಡಾಂಟೆ ಎಂಬ ವ್ಯವಸ್ಥೆ ಈಗ ಇದನ್ನೆಲ್ಲ ಮಾಮೂಲಿ ನೆಟ್‌ವರ್ಕ್ ಕೇಬಲ್ಲಿಗೆ ಇಳಿಸಿದೆ.

ಹೊಸ ಮಿಕ್ಸರ್ ಕೊಳ್ಳುವವರು ಅಂಗಡಿಯಲ್ಲಿ ಎಷ್ಟು ಮೈಕು ಹಾಕಬಹುದು ಎಂದು ಕೇಳುವ ಮೊದಲು, ಕಂಪ್ಯೂಟರಿನಿಂದ ಎಷ್ಟು ಚಾನೆಲ್ ವಾಪಸು ಬರುತ್ತವೆ ಎಂದು ಕೇಳಿ.