ತಾನಾಗಿಯೇ ಸೊಟ್ಟಗಾಗುವ ಬಂಪರ್

ಮುಂಬಯಿಗೆ ಬಂದು ಮೂವತ್ತು ವರ್ಷ ದಾಟಿತು. ನಾನು ಬಂದಾಗ ಇಲ್ಲಿ ಬಂಪರ್ ಅಂದರೆ ಪದ್ಮಿನಿ ಟ್ಯಾಕ್ಸಿಯ ಹೊಳೆಯುವ ಉಕ್ಕಿನ ಪಟ್ಟಿ. ಬಗ್ಗಿದರೆ ಬಿಚ್ಚಿ, ಸುತ್ತಿಗೆಯಿಂದ ಬಡಿದು ನೇರ ಮಾಡಿ ಮತ್ತೆ ಬಿಗಿಯುತ್ತಿದ್ದರು. ಯಾವ ಗುದ್ದೂ ಬೀಳದೆ, ವಯಸ್ಸಾದಂತೆ ತಾನಾಗಿಯೇ ಸೊಟ್ಟಗಾಗುವ ಬಂಪರೂ ಇದೆ ಎಂದು ಗೊತ್ತಾದದ್ದು ಅಮೆರಿಕದ ಸ್ಪೋರ್ಟ್ಸ್ ಕಾರು ಕಾರ್ವೆಟ್‌ನ ಚರಿತ್ರೆ ಓದುವಾಗ. ಅದರ ಹಿಂದೆ ಒಂದು ಕಾನೂನಿದೆ, ಕೇಳಿ.

ಷೆವ್ರೊಲೆ ಕಂಪನಿ ಕಾರ್ವೆಟ್ ತಂದದ್ದು 1953ರಲ್ಲಿ. ಆ ವರ್ಷ ಮಾಡಿದ್ದು ಬರೀ 300 ಕಾರು. ಮೈಯೆಲ್ಲ ಫೈಬರ್‌ಗ್ಲಾಸ್, ಬಂಪರ್ ಮಾತ್ರ ಕ್ರೋಮ್ ಲೇಪಿಸಿದ ಲೋಹ. ಅಷ್ಟರಲ್ಲಿ ಅಮೆರಿಕ ಸರ್ಕಾರ ಹೊಸ ನಿಯಮ ಮಾಡಿತು. 1972ರ ಸೆಪ್ಟೆಂಬರಿನಿಂದ ತಯಾರಾಗುವ ಕಾರು ಗಂಟೆಗೆ 5 ಮೈಲಿ, ಅಂದರೆ 8 ಕಿ.ಮೀ. ವೇಗದಲ್ಲಿ ಮುಂದಿನಿಂದ ಗೋಡೆಗೆ ಗುದ್ದಿದರೂ, 2.5 ಮೈಲಿ ವೇಗದಲ್ಲಿ ಹಿಂದಿನಿಂದ ಗುದ್ದಿದರೂ ದೀಪ, ಇಂಧನ ವ್ಯವಸ್ಥೆಯಂಥ ಭಾಗಗಳು ಕೆಡಬಾರದು. ಮರುವರ್ಷದ ಕಾರುಗಳಿಗೆ ಹಿಂಬದಿಗೂ 5 ಮೈಲಿ.

ಬೇರೆ ಎಷ್ಟೋ ಕಾರುಗಳಿಗೆ ದಪ್ಪ ದಪ್ಪ ಬಂಪರ್ ಬಂದವು. ಕಾರ್ವೆಟ್‌ನವರು ಅಂದ ಕೆಡಬಾರದೆಂದು ಪಾಲಿಯುರೇಥೇನ್ ಹೊದಿಕೆ ತಂದರು, ಮೈಬಣ್ಣದ್ದೇ. 1973ರಲ್ಲಿ ಮುಂದೆ, 1974ರಲ್ಲಿ ಹಿಂದೆ. 1974ರ ಹಿಂಬದಿಯದು ನಡುವೆ ಸೀಳಿರುವ ಎರಡು ತುಂಡು; 1975ರಿಂದ ಒಂದೇ ತುಂಡು.

ಸಣ್ಣ ಗುದ್ದಿಗೆ ಈ ಹೊದಿಕೆ ಒಳಸರಿದು ಮತ್ತೆ ಮೊದಲಿನಂತಾಗುತ್ತಿತ್ತು. ಆದರೆ ವರ್ಷಗಟ್ಟಲೆ ಬಿಸಿಲು ತಿಂದು ಅಲೆಅಲೆಯಾಯಿತು, ಜೋತುಬಿತ್ತು. ಪಕ್ಕದ ಫೈಬರ್‌ಗ್ಲಾಸ್ ಹಾಗೇ ನೆಟ್ಟಗೆ ನಿಂತಿದ್ದರಿಂದ ಸೊಟ್ಟು ಇನ್ನಷ್ಟು ಎದ್ದು ಕಂಡಿತು.

ರಿಪೇರಿ ಹೇಗೆ? ಹೊದಿಕೆ ಬಿಚ್ಚಿ, ಹೀಟ್ ಗನ್‌ನಿಂದ ನಿಧಾನ ಬಿಸಿಮಾಡಿ, ನೇರವಾಗಿ ಒತ್ತಿಹಿಡಿದು ಆರಲು ಬಿಡುವುದು. ಇಂದಿನ ಕಾರುಗಳ ಪಾಲಿಪ್ರೊಪಿಲೀನ್ ಬಂಪರ್ ಬಿಸಿಗೆ ಕರಗುತ್ತದೆ, ಬೆಸುಗೆಯೂ ಹಾಕಬಹುದು. ಈ ಯುರೇಥೇನ್ ಕರಗುವ ಜಾತಿಯದಲ್ಲ. ಸ್ವಲ್ಪ ಮೆತ್ತಗಾಗುತ್ತದೆ, ಅಷ್ಟೇ. ಮತ್ತೆ ಸೊಟ್ಟಗಾಗಲೂಬಹುದು. ಮೇಲೆ ಬಳಿಯುವ ಬಣ್ಣವೂ ಬಾಗುವಂಥದ್ದೇ ಆಗಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ.

ಇದರಿಂದ ಬೇಸತ್ತ ಅನೇಕರು ಫೈಬರ್‌ಗ್ಲಾಸ್ ಬಂಪರನ್ನೇ ಹಾಕಿಸುತ್ತಾರೆ. ಕನ್ನಡಿಯಂತೆ ನೇರ! ಆದರೆ ಪಾರ್ಕಿಂಗ್‌ನಲ್ಲಿ ಯಾರಾದರೂ ತಾಗಿಸಿದರೆ ಅದು ಬಾಗುವುದಿಲ್ಲ, ಒಡೆಯುತ್ತದೆ. ಯಾವ ಉದ್ದೇಶಕ್ಕೆ ಬಂಪರ್ ಮೆತ್ತಗಾಯಿತೋ ಆ ಉದ್ದೇಶವೇ ಹೋಯಿತಲ್ಲ? 1974ರ ಕಾರಿಗೆ ಒಂದೇ ತುಂಡಿನದು ಹಾಕಿದರಂತೂ ಆ ಒಂದು ವರ್ಷದ ಗುರುತೂ ಅಳಿಸಿತು.

1982ರಲ್ಲಿ ಸರ್ಕಾರವೇ 5 ಮೈಲಿಯ ನಿಯಮವನ್ನು 2.5ಕ್ಕೆ ಇಳಿಸಿತು. ಹಾಗಾಗಿ ಈ ಹಳೆಯ ಯುರೇಥೇನ್ ಬಂಪರ್ ಆ ಹತ್ತು ವರ್ಷದ ದಾಖಲೆಯೂ ಹೌದು. ಪ್ರದರ್ಶನಕ್ಕೆ ನಿಲ್ಲಿಸುವ ಕಾರಿಗೆ ಫೈಬರ್‌ಗ್ಲಾಸ್ ಇರಲಿ. ರಸ್ತೆಗಿಳಿಯುವ ಕಾರಾದರೆ, ಸ್ವಲ್ಪ ಅಲೆ ಉಳಿದರೂ ಮೂಲದ್ದನ್ನೇ ಸರಿಮಾಡಿಸಿ ಇಟ್ಟುಕೊಳ್ಳುವುದು ವಾಸಿ ಅಂತ ನನ್ನ ಅನಿಸಿಕೆ. ನೀವೇನಂತೀರಿ?