ಡಂಕನ್ ಡಾಕ್ಟರು ಮತ್ತು ಮರೆತುಹೋದ ಫ್ರೆಶ್

ಲಿವರ್‌ಪೂಲಿನ ಲೈಮ್ ಸ್ಟ್ರೀಟ್ ಸ್ಟೇಷನ್ನಿನ ಹತ್ತಿರ, ಸೇಂಟ್ ಜಾನ್ಸ್ ಲೇನಿನಲ್ಲಿ ‘ಡಾಕ್ಟರ್ ಡಂಕನ್ಸ್’ ಅಂತ ಒಂದು ಪಬ್ ಇದೆ. “ಅಪ್ಪಾ, ಹೆಂಡದಂಗಡಿಗೆ ಡಾಕ್ಟರ ಹೆಸರು ಯಾಕೆ?” ಎಂದಳು ಮಗಳು. ನ್ಯಾಯವಾದ ಪ್ರಶ್ನೆಯೇ.

ವಿಲಿಯಂ ಹೆನ್ರಿ ಡಂಕನ್ ನಮ್ಮ ಲಿವರ್‌ಪೂಲಿನಲ್ಲೇ ಹುಟ್ಟಿದವರು. ಬಂದರಿನಲ್ಲಿ ದುಡ್ಡು ಹೊಳೆಯಾಗಿದ್ದಾಗ ಬಡವರು ನೆಲಮಾಳಿಗೆಗಳಲ್ಲಿ ಜ್ವರ ಬಂದು ಸಾಯುತ್ತಿದ್ದರು. ಆ ಸಾವುಗಳಿಗೆ ಕಾರಣವೇನೆಂದು ಡಂಕನ್ 1843ರಲ್ಲಿ ಉಪನ್ಯಾಸ ಕೊಟ್ಟು ಊರಿನ ಮುಂದಿಟ್ಟರು. 1846ರಲ್ಲಿ ನಗರಕ್ಕೆ ಪ್ರತ್ಯೇಕ ನೈರ್ಮಲ್ಯ ಕಾಯ್ದೆ ಬಂತು. 1847ರ ಜನವರಿ 1ರಂದು ಅವರು ಬ್ರಿಟನ್ನಿನ ಮೊದಲ ಆರೋಗ್ಯಾಧಿಕಾರಿಯಾದರು. ವರ್ಷಕ್ಕೆ 300 ಪೌಂಡ್ ಸಂಬಳದ ಅರೆಕಾಲಿಕ ಹುದ್ದೆ! ಅದೇ ವರ್ಷ ಐರ್ಲೆಂಡಿನ ಬರದಿಂದ ಕಂಗೆಟ್ಟ ಸುಮಾರು 3 ಲಕ್ಷ ಜನ ಇಲ್ಲಿಗೆ ಬಂದಿಳಿದರು, ಟೈಫಸ್ ಹಬ್ಬಿತು. ಮರುವರ್ಷ ಹುದ್ದೆ ಪೂರ್ಣಾವಧಿಯಾಯಿತು, ಸಂಬಳ 750 ಪೌಂಡ್. ರೋಗಕ್ಕೆಲ್ಲ ಕೆಟ್ಟ ಗಾಳಿಯೇ ಮೂಲವೆಂದು ಡಂಕನ್ ನಂಬಿದ್ದರು. ನಂಬಿಕೆ ತಪ್ಪು, ಮಾಡಿಸಿದ ಕೆಲಸ ಸರಿ.

ಆದರೆ ನನ್ನ ಮನಸ್ಸು ಹಿಡಿದದ್ದು ಥಾಮಸ್ ಫ್ರೆಶ್ ಎಂಬಾತ. ಡಂಕನ್‌ಗಿಂತ ಮೊದಲೇ ಈತ ನಗರಸಭೆಯ ‘ಇನ್ಸ್‌ಪೆಕ್ಟರ್ ಆಫ್ ನ್ಯೂಸೆನ್ಸಸ್’. ಗಬ್ಬೆದ್ದ ಕಕ್ಕಸು ಗುಂಡಿ, ಜನರನ್ನು ಕುರಿಗಳಂತೆ ತುಂಬಿದ ನೆಲಮಾಳಿಗೆ, ಕೊಳಚೆ ಅಂಗಳ, ಇವೆಲ್ಲ ಈತನ ಸರಹದ್ದು. ಡಾಕ್ಟರು ವರದಿ ಬರೆದರೆ, ಬಾಗಿಲು ತಟ್ಟಿ ಬೈಸಿಕೊಳ್ಳಬೇಕಾದವರು ಇನ್ಸ್‌ಪೆಕ್ಟರ್ ಮತ್ತು ಅವರ ಕೈಕೆಳಗಿನವರು. ಕೆಂಪು ಅಳಿಲು ನೋಡಲು ನಾವು ಇಳಿಯುವ ಫ್ರೆಶ್‌ಫೀಲ್ಡ್ ಸ್ಟೇಷನ್ ಇದೆಯಲ್ಲ, ಅದಕ್ಕೆ ಹೆಸರು ಬಂದದ್ದು ಈತನಿಂದಲೇ. ಅಲ್ಲಿನ ಮರಳುದಿಬ್ಬಗಳ ನಡುವೆ ಈತನಿಗೆ ಜಮೀನಿತ್ತು. ಲಿವರ್‌ಪೂಲಿನ ಕಕ್ಕಸು ಗುಂಡಿಗಳ ಮಲ ಗೊಬ್ಬರವಾಗಿ ಅಲ್ಲಿಗೆ ಹೋಯಿತು, ಬರೀ ಮರಳಿನಲ್ಲಿ ಬೆಳೆ ಬಂತು. ಊರಿನ ಹೊಲಸು ತೆಗೆಸುವ ಅಧಿಕಾರಿಯ ಹೊಲಕ್ಕೇ ಊರಿನ ಗೊಬ್ಬರ! ಇಂದು ನಮ್ಮಲ್ಲಾಗಿದ್ದರೆ ಲೋಕಾಯುಕ್ತಕ್ಕೆ ದೂರು ಹೋಗುತ್ತಿತ್ತು.

ಡಂಕನ್‌ಗಾಗಲಿ ಫ್ರೆಶ್‌ಗಾಗಲಿ ಕರ್ನಾಟಕದ ನಂಟಿಲ್ಲ, ಎಳೆದು ತರುವುದೂ ಬೇಡ. ನಂಟಿರುವುದು ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂದು ತೋರಿಸಿ, ಮುಂದೆ ಇದೇ ಊರಿಗೆ ಬಂದ ವೈದ್ಯ ರೊನಾಲ್ಡ್ ರಾಸ್ ಅವರಿಗೆ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದಾಗ ಅವರ ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಕಿಟಕಿಯಾಚೆಯ ತೊಟ್ಟಿಯಲ್ಲಿ ಮರಿಗಳು ಕಂಡವು; ನೀರು ಚೆಲ್ಲಿದ್ದೇ ಸೊಳ್ಳೆ ಕಡಿಮೆಯಾಯಿತು. ಮೆಸ್ಸಿನಲ್ಲೂ ಹೀಗೇ ಮಾಡೋಣವೆಂದರೆ ಅಲ್ಲಿನ ಅಧಿಕಾರಿ ಒಪ್ಪಲಿಲ್ಲ: ಸೊಳ್ಳೆಯೂ ಸೃಷ್ಟಿಯ ನಿಯಮದ ಭಾಗ, ಸಹಿಸಿಕೊಳ್ಳಬೇಕಂತೆ. 1895ರಲ್ಲಿ ಕಾಲರಾ ಹತೋಟಿಗೆ ಮತ್ತೆ ಅವರನ್ನು ಬೆಂಗಳೂರಿಗೇ ಕಳಿಸಿದರು. 1899ರಲ್ಲಿ ಲಿವರ್‌ಪೂಲಿನ ಉಷ್ಣವಲಯ ವೈದ್ಯಕೀಯ ಶಾಲೆಗೆ ಸೇರಿದರು, 1902ರಲ್ಲಿ ನೊಬೆಲ್ ಬಂತು. ಆ ಬೆಂಗಳೂರಿನ ತೊಟ್ಟಿಗೊಂದು ಫಲಕವಾದರೂ ಬೇಡವೇ?

ನಗರಸಭೆಯ ಹಳೆಯ ದಾಖಲೆಗಳು ಸೆಂಟ್ರಲ್ ಲೈಬ್ರರಿಯಲ್ಲಿ ಎಲ್ಲರಿಗೂ ನೋಡಸಿಗುತ್ತವೆ. ಕೈಬರಹ ಓದುವ ತಾಳ್ಮೆ ಇರುವವರು ಒಂದು ಶನಿವಾರ ಜೊತೆಗೆ ಬನ್ನಿ. ಫ್ರೆಶ್ ಬಗ್ಗೆ ಇನ್ನೇನಾದರೂ ಸಿಕ್ಕರೆ ಮುಂದಿನ ಸಂಚಿಕೆಗೆ ನೀವೇ ಬರೆಯಿರಿ.