ಅಜ್ಜಿ ಹೇಳದ ಹೆಸರು

ನಮ್ಮ ಅಜ್ಜಿಯ ಅಜ್ಜ ಕ್ರೈಸ್ತನಾದಾಗ ಮನೆಯ ದೈವದ ಭಂಡಾರವನ್ನು ಪಾದ್ರಿಗೆ ಒಪ್ಪಿಸಿದನಂತೆ. ಹಿತ್ತಾಳೆಯ ಮೊಗ, ಕಡ್ತಲೆ, ಒಂದು ಮಣಿ. "ಹಡಗಿನಲ್ಲಿ ಹೋಯ್ತಂತೆ" ಎಂದು ಅಜ್ಜಿ ಹೇಳುತ್ತಿದ್ದಳು. ಯಾವ ದೈವ ಎಂದು ಕೇಳಿದರೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. "ಅದು" ಅನ್ನುವಳು, ಅಷ್ಟೇ.

ಆ ಪಾದ್ರಿಯ ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಪಾದ್ರಿಗಳು ಇಲ್ಲಿಂದಲೂ, ಆಫ್ರಿಕಾದ ಗೋಲ್ಡ್ ಕೋಸ್ಟ್‌ನಿಂದಲೂ, ಚೀನಾದಿಂದಲೂ ಕಳಿಸಿದ ಸಾಮಾನುಗಳಿಗಾಗಿ 1860ರಲ್ಲಿ ಬಾಸೆಲ್‌ನಲ್ಲಿ ಮಿಶನ್ನಿನದೇ ಒಂದು ಮ್ಯೂಸಿಯಂ ಆಯಿತು. ಆ ಸಂಗ್ರಹ 1981ರಲ್ಲಿ ಬಾಸೆಲ್‌ನಲ್ಲೇ ಇರುವ ಸಂಸ್ಕೃತಿಗಳ ಮ್ಯೂಸಿಯಮ್ಮಿಗೆ ಕಡವಾಗಿ ಹೋಗಿ, 2015ರಲ್ಲಿ ಅದರದೇ ಸ್ವತ್ತಾಯಿತು.

ನಾನು ಜರ್ಮನ್ ಕಲಿಸುತ್ತಿದ್ದವಳು. ಆದರೂ ಪಾದ್ರಿಗಳ ಹಳೆಯ ಜರ್ಮನ್ ಕೈಬರಹ ಓದಲು ನಿವೃತ್ತಿಯ ನಂತರ ಮತ್ತೆ ಅಕ್ಷರಾಭ್ಯಾಸವೇ ಬೇಕಾಯಿತು. ಅದರಲ್ಲಿ ಎನ್ ಮತ್ತು ಇ ಅವಳಿ ಮಕ್ಕಳ ಹಾಗೆ. ಯು ಮೇಲೊಂದು ಸಣ್ಣ ಕೊಂಕು ಇರುತ್ತದೆ, ಅದೊಂದೇ ಗುರುತು. ಒಂದು ಪುಟಕ್ಕೆ ಒಂದು ಮಧ್ಯಾಹ್ನ.

ಮ್ಯೂಸಿಯಮ್ಮಿಗೆ ಹೋದ ಸಾಮಾನುಗಳ ಪಟ್ಟಿಗಳಲ್ಲಿ ಕಳಿಸಿದವನ ಹೆಸರು ಸಿಗುತ್ತದೆ, ಕೊಟ್ಟವನದು ಅಪರೂಪ. ವಸ್ತುವಿಗೆ "ವಿಗ್ರಹ" ಅಥವಾ "ಪಿಶಾಚಿ" ಎಂದಿಟ್ಟರೆ ಮುಗಿಯಿತು. ಎಲ್ಲೋ ಒಮ್ಮೆ ಪಾದ್ರಿ ತಾನು ಕೇಳಿದ ತುಳು ಮಾತನ್ನು ಜರ್ಮನ್ ಕಿವಿಯಲ್ಲಿ ಹಿಡಿದು ಬರೆದಿರುತ್ತಾನೆ. ಅಲ್ಲಿ ನಮ್ಮಂಥವರಿಗೆ ಕೆಲಸ. ವಕಾರಕ್ಕೆ ಅವರು ಡಬ್ಲ್ಯೂ ಬರೆಯುತ್ತಾರೆ, ಯಕಾರಕ್ಕೆ ಜೆ. ಜೆ ಹೀಗೆ ಖರ್ಚಾದ ಮೇಲೆ ನಮ್ಮ ಜಕಾರಕ್ಕೆ ಡಿ, ಎಸ್, ಸಿ, ಎಚ್ ಎಂದು ನಾಲ್ಕು ಅಕ್ಷರ ಬೇಕು. ಕಣ್ಣಿಗೆ ಅದು ಯಾವ ಭಾಷೆಯೂ ಅಲ್ಲ. ಗಟ್ಟಿಯಾಗಿ ಓದಿದರೆ ದೈವ ಪಂಜುರ್ಲಿ ಎದ್ದು ಬರುತ್ತಾನೆ. ಪಕ್ಕದಲ್ಲಿ 1886ರ ಮ್ಯಾನರ್ ಪಾದ್ರಿಯ ತುಳು ನಿಘಂಟು ಇರಲೇಬೇಕು.

ಭಂಡಾರ ಹೋದದ್ದು ಕಾಣಿಕೆಯಾಗಿಯೋ, ಕಸಿದುಕೊಂಡೋ? ಆಫ್ರಿಕಾದ ಬೆನಿನ್ ರಾಜ್ಯದ ಕಂಚಿನ ಫಲಕಗಳಿಗೆ ಇದು ಕಷ್ಟದ ಪ್ರಶ್ನೆಯಲ್ಲ: 1897ರಲ್ಲಿ ಬ್ರಿಟಿಷ್ ಸೈನ್ಯ ಅರಮನೆ ದೋಚಿತು. ಅಜ್ಜಿಯ ಅಜ್ಜನ ಕೈಯನ್ನು ಯಾರೂ ತಿರುಚಲಿಲ್ಲ. ಆದರೆ ಜಾತಿ ಬಿಟ್ಟವನಿಗೆ ಮನೆ, ಗದ್ದೆ, ಬಾವಿ ಎಲ್ಲ ದೂರ. 1850ರ ಕಾಯಿದೆ ಮತಾಂತರಗೊಂಡವನ ಆಸ್ತಿಹಕ್ಕನ್ನು ಉಳಿಸಿತ್ತು ನಿಜ, ಕಾಗದದ ಮೇಲೆ. ಅವನಿಗೆ ಅನ್ನ ಹುಟ್ಟಿದ್ದು ಮಿಶನ್ನಿನ ಹಂಚಿನ ಕಾರ್ಖಾನೆಯಲ್ಲಿ, 1865ರಲ್ಲಿ ಅದು ಶುರುವಾದ ಮೇಲೆ. ಅಂಥವನು ಕೊಟ್ಟದ್ದನ್ನು ಕಾಣಿಕೆ ಎಂದು ಬರೆಯಲು ನನ್ನ ಕೈ ಬರುವುದಿಲ್ಲ. ಲೂಟಿ ಎನ್ನಲೂ ಬರುವುದಿಲ್ಲ. ಅವನೂ ಒಂದು ನಿರ್ಧಾರ ಮಾಡಿದ್ದನಲ್ಲ.

ಪಾದ್ರಿಗಳ ಪತ್ರಗಳಲ್ಲಿ ಅವನು ಸಿಗಲಿಲ್ಲ. ಕೊನೆಗೆ, ಮತ ಬಿಡದೆ ಉಳಿದ ಕವಲಿನ ಮನೆಗೆ ಹೋದೆ. ನಾಲ್ಕು ತಲೆಮಾರಿನಿಂದ ಹೋಗಿ ಬಂದು ಇರಲಿಲ್ಲ. ಯಜಮಾನರು ಬೆಲ್ಲ, ನೀರು ಕೊಟ್ಟರು. ಹೊಸ ಮೊಗ ಮಾಡಿಸಿ ಎಷ್ಟೋ ಕಾಲವಾಯಿತಂತೆ, ದೈವದ ಕೋಲ ನಿಂತಿಲ್ಲವಂತೆ. ನಾನು ಬಂದ ಕಾರಣ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಸಿಕ್ಕಿದ್ರೆ ಯಾರ ಮನೆಗೆ ತರ್ತೀರಿ ಟೀಚರೇ?" ಎಂದರು.

ನಾನು ಉತ್ತರಿಸದೆ ದೈವದ ಹೆಸರು ಕೇಳಿದೆ. ಯಾವ ಅಳುಕೂ ಇಲ್ಲದೆ ಹೇಳಿದರು: ಜುಮಾದಿ.

ಬಸ್ಸಿನಲ್ಲಿ ಕೂತು ನೋಟ್‌ಬುಕ್ ತೆಗೆದೆ. ಜುಮಾದಿ ಎಂದು ಬರೆದೆ. ಅದರದೇ ಇನ್ನೊಂದು ಹೆಸರು, ಧೂಮಾವತಿ ಎಂದು ಬರೆದೆ. ಅದರ ಕೆಳಗೆ ಡಿ, ಎಸ್, ಸಿ, ಎಚ್‌ನಿಂದ ಶುರುಮಾಡಿ, ಪಾದ್ರಿಗೆ ಕೇಳಿಸಿದ್ದಿರಬಹುದಾದಂತೆ ಇನ್ನೊಮ್ಮೆ ಬರೆದೆ.